ಇಸಬಿಗೆ ಬಾಣಂತಿಯ ತಟ್ಟೆ ನೋಡಬೇಡಿ

ಹೋದ ತಿಂಗಳು ಅರಸೀಕೆರೆಗೆ ಬಂದಾಗ ತಂಗಿಯ ಮಗುವಿಗೆ ಮೂರೂವರೆ ತಿಂಗಳು. ಬಚ್ಚಲೊಲೆಯ ಹೊಗೆ, ಹಂಡೆ ತುಂಬ ಬಿಸಿನೀರು, ಮಣೆ ಮೇಲೆ ಕಾಲು ಚಾಚಿ ಕೂತ ಅಮ್ಮ, ಆ ಕಾಲ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡ ಕೂಸು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಹೋಗಿ ಒಂಬತ್ತು ವರ್ಷ ಆದರೂ ಎಳೆಮಗು ಎಂದರೆ ನನಗೆ ಈ ವಾಸನೆಯೇ ನೆನಪಾಗುತ್ತದೆ.

ಆದರೆ ಮಗುವಿನ ಕೆನ್ನೆ ಕೆಂಪಗಿತ್ತು. ಕೈಕಾಲಿನ ಚರ್ಮ ಅಲ್ಲಲ್ಲಿ ಒರಟಾಗಿತ್ತು. ರಾತ್ರಿಯೆಲ್ಲ ಹಾಸಿಗೆಗೆ ಮುಖ ಉಜ್ಜುತ್ತಿತ್ತು. ಡಾಕ್ಟರು ಇಸಬು ಎಂದರು. ನೋಡಲು ಬಂದವರೆಲ್ಲ ತಂಗಿಯನ್ನೇ ಕೇಳಿದರು. "ಬದ್ನೆಕಾಯಿ ತಿಂದ್ಯೇನೇ? ನಂಜು ಅದು. ಪಥ್ಯ ಸರಿಯಾಗಿ ಮಾಡಿಲ್ಲ ನೀನು." ಪಾಪ, ಮೆಣಸಿನ ಸಾರು, ಬೆಳ್ಳುಳ್ಳಿ, ಅನ್ನ ಬಿಟ್ಟರೆ ಅವಳು ಮೂರು ತಿಂಗಳಿಂದ ಬೇರೆ ರುಚಿ ಕಂಡಿರಲಿಲ್ಲ.

ನನಗೆ ಸಿಟ್ಟು ಬಂತು. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಯೂ ಹೀಗೇ ಅತ್ತಿದ್ದಳು. ನಮ್ಮ ಮಗಳಿಗೆ ಐದನೇ ತಿಂಗಳಲ್ಲಿ ಇಸಬು ಬಂತು. ಇಂಗ್ಲೆಂಡಿನಲ್ಲಿ ಬಾಣಂತಿ ಏನು ತಿಂದಳು ಎಂದು ಯಾರೂ ಕೇಳುವುದಿಲ್ಲ. ಮಾತೆಲ್ಲ ಕ್ರೀಮಿನದು. ಹುಟ್ಟಿದಾಗಿನಿಂದ ದಿನಾ ಮಾಯಿಶ್ಚರೈಸರ್ ಹಚ್ಚಿದ್ದರೆ ಇಸಬು ಬರುತ್ತಲೇ ಇರಲಿಲ್ಲ ಎಂದು ಪರಿಚಯದವರೊಬ್ಬರು ಹೇಳಿಬಿಟ್ಟರು. ನನ್ನವಳು ಕ್ರೀಮ್ ಹಚ್ಚಲು ಮರೆತ ದಿನಗಳನ್ನು ಎಣಿಸುತ್ತಾ ಕೂತಳು. ಇಲ್ಲಿ ತಟ್ಟೆ ನೋಡುತ್ತಾರೆ, ಅಲ್ಲಿ ಡಬ್ಬಿ ನೋಡುತ್ತಾರೆ. ಎರಡೂ ಕಡೆ ತಪ್ಪು ತಾಯಿಯದೇ, ಅಲ್ವಾ?

ಕ್ರೀಮಿನ ಮಾತು ಸುಮ್ನೆ ಹುಟ್ಟಿದ್ದಲ್ಲ. 2014ರಲ್ಲಿ ಎರಡು ಸಣ್ಣ ಅಧ್ಯಯನ ಬಂದವು. ಒಂದು ಅಮೆರಿಕ ಮತ್ತು ಬ್ರಿಟನ್‌ನದು, ಇನ್ನೊಂದು ಜಪಾನಿನದು. ಒಂದೊಂದರಲ್ಲೂ ಇದ್ದದ್ದು 120ರ ಆಸುಪಾಸು ಮಕ್ಕಳು. ಕ್ರೀಮ್ ಹಚ್ಚಿಸಿಕೊಂಡವರಲ್ಲಿ ಇಸಬು ಕಡಿಮೆ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ನಾವಿರುವ ನಾಟಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯವೇ ಮುಂದೆ ನಿಂತು ದೊಡ್ಡದಾಗಿ ಪರೀಕ್ಷಿಸಿತು. ಅದರ ಹೆಸರು ಬೀಪ್. ಮನೆಯಲ್ಲಿ ಅಪ್ಪ, ಅಮ್ಮ ಅಥವಾ ಅಣ್ಣತಮ್ಮಂದಿರಿಗೆ ಇಸಬು, ಆಸ್ತಮಾ ಇದ್ದಂಥ 1394 ಮಕ್ಕಳನ್ನು ಆರಿಸಿಕೊಂಡರು. ಅರ್ಧ ಮಕ್ಕಳಿಗೆ ಒಂದು ವರ್ಷ ದಿನಾ ಕ್ರೀಮ್. ಎರಡು ವರ್ಷ ತುಂಬಿದಾಗ ಕ್ರೀಮ್ ಹಚ್ಚಿದವರಲ್ಲಿ ನೂರಕ್ಕೆ 23 ಮಕ್ಕಳಿಗೆ ಇಸಬು, ಹಚ್ಚದವರಲ್ಲಿ 25. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಚರ್ಮದ ಸೋಂಕು ಮಾತ್ರ ಕ್ರೀಮ್ ಹಚ್ಚಿದವರಲ್ಲೇ ಸ್ವಲ್ಪ ಜಾಸ್ತಿ. ಈ ಫಲಿತಾಂಶ ಬಂದದ್ದು 2020ರಲ್ಲಿ. ಅದೇ ವರ್ಷ ನಾರ್ವೆ ಮತ್ತು ಸ್ವೀಡನ್‌ನಿಂದಲೂ ಇಂಥದ್ದೇ ಸುದ್ದಿ ಬಂತು.

ಇದನ್ನು ಓದಿದ ರಾತ್ರಿ ನನ್ನ ಹೆಂಡತಿಯ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆತಿಲ್ಲ.

ವಿಷಯ ಅಲ್ಲಿಗೇ ಮುಗಿದಿಲ್ಲ. 2025ರಲ್ಲಿ ಅಮೆರಿಕದಲ್ಲಿ 1247 ಮಕ್ಕಳ ಮೇಲೆ ನಡೆದ ಅಧ್ಯಯನ ಹೊರಬಂತು. ಅಲ್ಲಿ ಮನೆಯಲ್ಲಿ ಇಸಬು ಇದ್ದವರನ್ನೇ ಆರಿಸಿರಲಿಲ್ಲ. ದಿನಾ ಕ್ರೀಮ್ ಹಚ್ಚಿದವರಲ್ಲಿ ನೂರಕ್ಕೆ 36 ಮಕ್ಕಳಿಗೆ ಇಸಬು, ಹಚ್ಚದವರಲ್ಲಿ 43. ಉಪಯೋಗ ಇದೆ, ಆದರೆ ಹಚ್ಚಿದವರಲ್ಲೂ ನೂರಕ್ಕೆ 36 ಮಕ್ಕಳಿಗೆ ಬಂದೇ ಬಂತು. ಇಷ್ಟು ಸಣ್ಣ ಅಂತರ ಇಟ್ಟುಕೊಂಡು ಯಾವ ತಾಯಿಯನ್ನಾದರೂ ಬೈಯುವುದು ಅನ್ಯಾಯ. ಬಾಣಂತಿಯ ಊಟ ಕಟ್ಟಿ ಹಾಕಿದರೆ ಇಸಬು ತಡೆಯಬಹುದು ಎಂಬುದಕ್ಕೂ ಆಧಾರ ಸಿಕ್ಕಿಲ್ಲ.

ಎಷ್ಟೋ ಮಕ್ಕಳಲ್ಲಿ ಇಸಬಿನ ಕಾರಣ ಹುಟ್ಟಿನಿಂದಲೇ ಇರುತ್ತದೆ. ಚರ್ಮ ಗಟ್ಟಿಯಾಗಿರಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನಿನಲ್ಲಿ ಕೊರತೆ ಇದ್ದರೆ ಇಸಬು ಬರುವ ಸಾಧ್ಯತೆ ಜಾಸ್ತಿ ಎಂದು 2006ರಲ್ಲೇ ತಿಳಿಯಿತು. ಹಂಚು ಜಾರಿದ ಮಾಡಿನ ಹಾಗೆ. ಒಳಗಿನ ನೀರಿನಂಶ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಅದಕ್ಕೇ ಇಸಬು ಬಂದ ಮೇಲೆ ಮಾಯಿಶ್ಚರೈಸರ್ ಬೇಕೇ ಬೇಕು. ಅದರಲ್ಲಿ ಜಿಪುಣತನ ಬೇಡ.

ಅಮ್ಮನ ಜೊತೆ ಕೂತು ಮಾತಾಡಿದೆ. ಅವಳು ಮಗುವನ್ನು ನೀವುವ ರೀತಿ ನನಗೆ ತುಂಬಾ ಇಷ್ಟ, ಅದು ಬೇಡ ಎನ್ನಲು ಬಾಯಿ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಫಿಲಿಪೀನ್ಸ್‌ನಲ್ಲಿ ಇಸಬು ಇದ್ದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಹಸಿ ತೆಂಗಿನಕಾಯಿಯಿಂದ ತೆಗೆದ (ವರ್ಜಿನ್) ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್‌ಗಿಂತ ಒಳ್ಳೆಯ ಕೆಲಸ ಮಾಡಿತ್ತು. ತೆಂಗಿನ ಸೀಮೆಯವರಾದ ನಮಗೆ ಇದು ಖುಷಿಯ ಸುದ್ದಿ. ಫಾರಿನ್ನಿನದು ಎಂದು ದುಡ್ಡು ಸುರಿದು ಆಲಿವ್ ಎಣ್ಣೆ ತರಬೇಡಿ. ಅದು ಚರ್ಮದ ಮೇಲ್ಪದರವನ್ನು ಕೆಡಿಸುತ್ತದೆ ಎಂದು ದೊಡ್ಡವರ ಮೇಲೆ ಶೆಫೀಲ್ಡ್‌ನಲ್ಲಿ ಮಾಡಿದ ಪರೀಕ್ಷೆ ತೋರಿಸಿದೆ. ಬಿಡಬೇಕಾದದ್ದು ಕಡಲೆಹಿಟ್ಟಿನಲ್ಲಿ ತಿಕ್ಕುವುದು, ಮೈ ಕೆಂಪಗಾಗುವಷ್ಟು ಬಿಸಿನೀರು, ಸಾಂಬ್ರಾಣಿ ಹೊಗೆ. ಉಗುರು ಬೆಚ್ಚಗಿನ ನೀರು, ಬೇಗ ಸ್ನಾನ, ಒತ್ತಿ ಒರೆಸಿ ಮೈ ಪೂರ್ತಿ ಆರುವ ಮೊದಲೇ ವಾಸನೆಯಿಲ್ಲದ ಕ್ರೀಮ್. ಡಬ್ಬಿಗೆ ಬೆರಳು ಹಾಕದೆ ಶುದ್ಧ ಚಮಚದಲ್ಲಿ ತೆಗೆಯುವುದು ಒಳ್ಳೆಯದು. ಕೆಂಪಾದಾಗ ಡಾಕ್ಟರು ಹೇಳಿದ ಮುಲಾಮು, ಅವರು ಹೇಳಿದಷ್ಟು ದಿನ. ನೀರು ಒಸರಿ ಹಳದಿ ಹೊಪ್ಪಳೆ ಕಟ್ಟಿದರೆ, ಜ್ವರ ಬಂದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ.

ನಾನು ಹೊರಡುವ ಹಿಂದಿನ ದಿನ ಪಕ್ಕದ ಮನೆಯವರು ಬಂದು ಮತ್ತೆ ನಂಜಿನ ಮಾತು ತೆಗೆದರು. "ಹುಟ್ಟಿದ ಚರ್ಮವೇ ಹಂಗೆ ಬಂದಿದೆ, ಅವಳೇನು ಮಾಡ್ತಾಳೆ" ಎಂದಳು ಅಮ್ಮ. ತಂಗಿ ತಲೆ ಎತ್ತಿ ನೋಡಿದಳು. ಸಾಂಬ್ರಾಣಿ ಬಿಡಲು ಅಮ್ಮ ಇನ್ನೂ ಒಪ್ಪಿಲ್ಲ, ಫೋನಿನಲ್ಲಿ ಹೇಳುತ್ತಲೇ ಇದ್ದೇನೆ.