ಕಷ್ಟದ ಕೆಲಸ ಯಾರದು, ಗಟ್ಟಿ ಕಾಂಟ್ರ್ಯಾಕ್ಟ್ ಯಾರದು?

ನೆರವು ಸಂಸ್ಥೆಯಲ್ಲಿ ಎಚ್‌ಆರ್ ಆಗಿದ್ದೆ ಅಂದರೆ ನಮ್ಮ ಕಡೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. "ಸೇವೆ ಮಾಡೋ ಕಡೆ ಎಚ್‌ಆರ್ ಯಾಕೆ?" ಮತ್ತೆ, "ಸೇವೆ ಅಂದ್ಮೇಲೆ ಸಂಬಳ ಯಾಕೆ?" ಮೊದಲನೆಯದಕ್ಕೆ ನಗುತ್ತೇನೆ. ಎರಡನೆಯದಕ್ಕೆ ಸಿಟ್ಟು ಬರುತ್ತದೆ. ಯಾಕೆಂದರೆ ಇದೇ ಮಾತನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ನಯವಾಗಿ, ಪವರ್‌ಪಾಯಿಂಟ್ ಹಾಕಿಕೊಂಡು ಹೇಳುತ್ತವೆ. ಎಲ್ಲರಿಗೂ ಅಲ್ಲ, ಕೆಲಸ ನಡೆಯುವ ಊರಿನವರಿಗೆ ಮಾತ್ರ. ಹೊರಗಿನಿಂದ ಬಂದ ನಮ್ಮಂಥವರನ್ನು ಯಾರೂ ಹಾಗೆ ಕೇಳಲಿಲ್ಲ.

ನಾನಿದ್ದದ್ದು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ ಏಳು ಲಕ್ಷಕ್ಕೂ ಜಾಸ್ತಿ ರೊಹಿಂಗ್ಯಾ ಜನ ಗಡಿ ದಾಟಿ ಬಂದರಲ್ಲ, ಅದೇ ಜಿಲ್ಲೆ. ಕ್ಯಾಂಪುಗಳೆಲ್ಲ ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲಾಗಳಲ್ಲಿವೆ. ಉಪಜಿಲಾ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ. ಆಫೀಸು ಇದ್ದದ್ದು ಕಡಲ ಕಡೆಗೆ, ಹೋಟೆಲುಗಳ ಸಾಲಿನಲ್ಲಿ. ಬೆಳಿಗ್ಗೆ ಮರೀನ್ ಡ್ರೈವ್ ರಸ್ತೆಯಲ್ಲಿ ಬಿಳಿ ಗಾಡಿಗಳ ಸಾಲು ಕ್ಯಾಂಪಿನ ಕಡೆ ಹೊರಡುತ್ತಿತ್ತು. ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ. ಹನಿಮೂನಿಗೆ ಬಂದವರು ಫೋಟೋ ತೆಗೆಯುವ ರಸ್ತೆ ಅದು. ಸಂಸ್ಥೆಯ ಹೆಸರು ಇಲ್ಲಿ ಬೇಡ.

ನನ್ನ ಕಂಪ್ಯೂಟರಿನಲ್ಲಿ ಮೂರು ಪಟ್ಟಿ ಇದ್ದವು. ಒಂದು ಹೊರದೇಶದ ಸಿಬ್ಬಂದಿಯದು, ನನ್ನದೂ ಸೇರಿ. ಅದರಲ್ಲಿ ಮನೆ ಬಾಡಿಗೆ, ಹಾರ್ಡ್‌ಶಿಪ್ ಅಲೋಯನ್ಸ್, ಕೆಲವು ವಾರಕ್ಕೊಮ್ಮೆ ದಣಿವಾರಿಸಿಕೊಳ್ಳಲು ರಜೆ, ವಿಮಾನದ ಟಿಕೆಟ್, ಇನ್ಶೂರೆನ್ಸ್ ಎಲ್ಲ ಇರುತ್ತದೆ. ಎರಡನೆಯದು ಬಾಂಗ್ಲಾದೇಶದ ಸಿಬ್ಬಂದಿಯದು. ಇಲ್ಲಿ ಸಂಬಳ ಆ ದೇಶದ ದುಡ್ಡು ಟಾಕಾದಲ್ಲಿ, ಕಾಂಟ್ರ್ಯಾಕ್ಟು ಪ್ರಾಜೆಕ್ಟ್ ಇರುವ ತನಕ. ಮೂರನೆಯದು ರೊಹಿಂಗ್ಯಾ ವಾಲಂಟಿಯರ್‌ಗಳದು. ನಿರಾಶ್ರಿತರಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ಹಾಗಾಗಿ ಅವರಿಗೆ ಸಿಗುವುದು ಸಂಬಳ ಅಲ್ಲ, ಇನ್ಸೆಂಟಿವ್. ರೇಟು ಇಷ್ಟೇ ಅಂತ ಸರ್ಕಾರದ ನಿರಾಶ್ರಿತರ ಕಮಿಷನರ್ ಕಚೇರಿ ಮಿತಿ ಹಾಕಿರುತ್ತದೆ.

ಈ ಮೂರನೇ ಪಟ್ಟಿಯ ಪಾವತಿ ನೋಡಲು ನಾನೇ ಕ್ಯಾಂಪಿಗೆ ಹೋಗುತ್ತಿದ್ದೆ. ಬಿದಿರಿನ ಶೆಡ್ಡು, ಪ್ಲಾಸ್ಟಿಕ್ ಮೇಜು, ಹಾಜರಿಯ ಮಸ್ಟರ್ ಶೀಟು, ನೀಲಿ ಇಂಕ್ ಪ್ಯಾಡು. ಹೆಸರು ಕೂಗಿದ ಕೂಡಲೇ ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತುತ್ತಾರೆ. ನೋಟು ಎಣಿಸಿಕೊಳ್ಳುತ್ತಾರೆ, ಬೆರಳಿನ ಇಂಕನ್ನು ಬುರ್ಖಾದ ಒಳಮಡಿಕೆಗೆ ಒರೆಸಿಕೊಂಡು ಹೋಗುತ್ತಾರೆ. ಜ್ವರ ಬಂದು ಎರಡು ದಿನ ಬರಲಿಲ್ಲ ಅಂದರೆ ಶೀಟಿನಲ್ಲಿ ಆ ಎರಡು ದಿನದ ಕಾಲಂ ಖಾಲಿ, ಅಷ್ಟು ದುಡ್ಡು ಕಟ್.

ಈಗ ಕೆಲಸದ ಲೆಕ್ಕ ನೋಡಿ. ನಾವೆಲ್ಲ ಮಧ್ಯಾಹ್ನ ಕಳೆಯುತ್ತಲೇ ಕ್ಯಾಂಪ್ ಬಿಡಬೇಕು, ಅದು ನಿಯಮ. ರಾತ್ರಿ ಹೆರಿಗೆ ನೋವು ಬಂದರೆ, ಗುಡ್ಡ ಕುಸಿದರೆ, ಬೆಂಕಿ ಬಿದ್ದರೆ ಅಲ್ಲಿರುವುದು ಆ ಮೂರನೇ ಪಟ್ಟಿಯವರು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಬಂದಾಗ ಕ್ಯಾಂಪಿಗೆ ಹೋಗುವ ಸಿಬ್ಬಂದಿಯನ್ನು ಭಾರೀ ಕಡಿಮೆ ಮಾಡಿದರು. ಆಗಲೂ ಮನೆ ಮನೆಗೆ ಹೋಗಿ ಸೋಪು ಕೊಟ್ಟು, ಕೈ ತೊಳೆಯುವುದನ್ನು ಹೇಳಿಕೊಟ್ಟವರು ಅವರೇ. 2021ರ ಮಾರ್ಚ್ 22ರಂದು ಕುಟುಪಾಲೊಂಗ್ ಕಡೆಯ ಕ್ಯಾಂಪುಗಳಿಗೆ ಬೆಂಕಿ ಬಿದ್ದು ಹತ್ತಾರು ಸಾವಿರ ಜನ ಗುಡಿಸಲು ಕಳೆದುಕೊಂಡರಲ್ಲ, ಆವತ್ತೂ ಮೊದಲು ಬಕೆಟ್ ಹಿಡಿದು ಓಡಿದ್ದು ವಾಲಂಟಿಯರ್‌ಗಳು. ಅಪಾಯಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು ಅವರು. ಕಾಗದದಲ್ಲಿ ಅವರಿಗಿರುವುದು ಒಂದು ಹೆಬ್ಬೆಟ್ಟಿನ ಗುರುತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಒಂದು ನೆರವು ಸಂಸ್ಥೆ ಹೇಗಿದೆ ಅಂತ ತಿಳಿಯಬೇಕಾದರೆ ಅದರ ವೆಬ್‌ಸೈಟಿನ ಫೋಟೋ ನೋಡಬೇಡಿ. ಅದರ ಎಚ್‌ಆರ್ ಫೈಲು ತೆಗೆಸಿ ನೋಡಿ.

ನೇಮಕಾತಿಯಿಂದಲೇ ಶುರು ಮಾಡೋಣ. ರೊಹಿಂಗ್ಯಾ ಭಾಷೆ ಚಿತ್ತಗಾಂಗ್ ಕಡೆಯ ಮಾತಿಗೆ ಹತ್ತಿರ. ಢಾಕಾದ ಬಂಗಾಳಿಗೆ ದೂರ. ಮೈಸೂರಿನ ಡಾಕ್ಟರ್ ಎದುರು ಕುಂದಾಪುರದ ಅಜ್ಜಿ ಕೂತು ಮಾತಾಡಿದ ಹಾಗೆ, ಅದಕ್ಕಿಂತಲೂ ಕಷ್ಟ. ಆದರೆ ನಮ್ಮ ಜಾಹೀರಾತು ಕೇಳುತ್ತಿದ್ದದ್ದು ಸ್ನಾತಕೋತ್ತರ ಪದವಿ, ಇಂಗ್ಲಿಷ್ ವರದಿ ಬರೆಯುವ ಶಕ್ತಿ, ಮೂರು ವರ್ಷದ ಅನುಭವ. ಬಂದವರೆಲ್ಲ ಢಾಕಾದ ಹುಡುಗ ಹುಡುಗಿಯರು. ಒಳ್ಳೆಯವರೇ, ಬುದ್ಧಿವಂತರೇ. ಕ್ಯಾಂಪಿಗೆ ಹೋಗಿ ದುಭಾಷಿ ಹುಡುಕುತ್ತಿದ್ದರು.

ಒಂದು ಸಲ ಹೆಣ್ಣುಮಕ್ಕಳ ಕೇಂದ್ರಕ್ಕೆ ಕೇಸ್ ವರ್ಕರ್, ಅಂದರೆ ಒಬ್ಬೊಬ್ಬರ ಕಷ್ಟ ಕೇಳಿ ನೆರವು ಕೊಡಿಸುವವರು, ಬೇಕಿತ್ತು. ಉಖಿಯಾದ ಒಂದು ಹಳ್ಳಿಯಿಂದ ಎಚ್‌ಎಸ್‌ಸಿ ಮುಗಿಸಿದ ಹುಡುಗಿ ಬಂದಳು. ಎಚ್‌ಎಸ್‌ಸಿ ಅಂದರೆ ನಮ್ಮ ಪಿಯುಸಿ. ಇಂಗ್ಲಿಷ್ ಪರೀಕ್ಷೆಯ ಹಾಳೆ ಅರ್ಧ ಖಾಲಿ. ಪ್ಯಾನೆಲ್‌ನಲ್ಲಿದ್ದ ಕೌನ್ಸೆಲರ್ ಆಪಾ, ಅಂದರೆ ಅಕ್ಕ, ಸುಮ್ಮನೆ ಕೂರಲಿಲ್ಲ. ಹೊರಗೆ ಕೂತಿದ್ದ ಒಬ್ಬ ರೊಹಿಂಗ್ಯಾ ವಾಲಂಟಿಯರ್ ಹೆಂಗಸನ್ನು ಕರೆದು, "ಇವಳ ಹತ್ತಿರ ಸ್ವಲ್ಪ ಮಾತಾಡಿ" ಅಂದರು. ಹುಡುಗಿ ಮೊದಲು ಕೇಳಿದ್ದು ಮಕ್ಕಳೆಷ್ಟು ಅಂತಲ್ಲ, ಊಟ ಆಯ್ತಾ ಅಂತ. ಹೆಂಗಸು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. ಆಮೇಲೆ ನಮ್ಮ ಇಂಟರ್‌ವ್ಯೂ ಮುಗಿದೇ ಹೋಯಿತು, ಅವರಿಬ್ಬರ ಮಾತು ಮುಗಿಯಲಿಲ್ಲ. ನಮ್ಮ ಸ್ಕೋರ್ ಶೀಟಿನಲ್ಲಿ ಇದಕ್ಕೆ ಅಂಕ ಹಾಕಲು ಜಾಗವೇ ಇರಲಿಲ್ಲ.

ಜಾಹೀರಾತು ತಿದ್ದಿದೆವು. ಚಿತ್ತಗಾಂಗ್ ಮಾತು ಕಡ್ಡಾಯ, ಡಿಗ್ರಿ ಬೇಡ ಅಂತ ಮಾಡಿದೆವು. ಹೆಡ್ ಆಫೀಸು ಒಪ್ಪಿತು. ಜೊತೆಗೆ ಒಂದು ಸಾಲಿನ ಮೇಲ್ ಕಳಿಸಿತು. ಡಿಗ್ರಿ ಬೇಡವಾದರೆ ಹುದ್ದೆಯ ಗ್ರೇಡ್ ಒಂದು ಮೆಟ್ಟಿಲು ಇಳಿಸಿ. ಕೆಲಸಕ್ಕೆ ನಿಜವಾಗಿ ಬೇಕಾದ ವಿದ್ಯೆ ಇದ್ದವಳು ಸಿಕ್ಕಳು, ಸಿಕ್ಕ ಕೂಡಲೇ ಆ ವಿದ್ಯೆಯ ಬೆಲೆ ಇಳಿಯಿತು. ಆ ಜಗಳ ಬಹಳ ದಿನ ನಡೆಯಿತು. ಪೂರ್ತಿ ಗೆಲ್ಲಲಿಲ್ಲ, ಭಾಷೆಗೆ ಅಂತ ಒಂದು ಚಿಕ್ಕ ಭತ್ಯೆ ಸಿಕ್ಕಿತು.

ಇದು ಬರೀ ನ್ಯಾಯದ ಮಾತಲ್ಲ, ಭದ್ರತೆಯ ಮಾತೂ ಹೌದು. ಕ್ಯಾಂಪುಗಳು ಬಂದ ಮೇಲೆ ಉಖಿಯಾದ ಕಾಡು ಹೋಯಿತು, ಕೂಲಿ ಇಳಿಯಿತು, ಬಾಡಿಗೆ ಏರಿತು. ಹೊರಗಿನವರಿಗೆ ಕೆಲಸ, ನಮಗೇನು ಅಂತ 2019ರಲ್ಲಿ ಅಲ್ಲಿನ ಯುವಕರು ಬೀದಿಗೇ ಇಳಿದರು. ದಕ್ಷಿಣ ಸುಡಾನ್‌ನ ಮಾಬನ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ಹೋಯಿತು. 2018ರ ಜುಲೈನಲ್ಲಿ ಕೆಲಸದ ವಿಷಯಕ್ಕೇ ಸಿಟ್ಟಾದ ಯುವಕರ ಗುಂಪು ನೆರವು ಸಂಸ್ಥೆಗಳ ಆವರಣಕ್ಕೆ ನುಗ್ಗಿ ಲೂಟಿ ಮಾಡಿತು. ಹಾಗಾಗಿ ಯಾರನ್ನು ತೆಗೆದುಕೊಂಡೆವು, ಯಾಕೆ ತೆಗೆದುಕೊಂಡೆವು ಅಂತ ನೋಟಿಸ್ ಬೋರ್ಡಿಗೆ ಹಾಕುವುದು ಅಲ್ಲಿ ಕಾವಲಿನ ಕೆಲಸವೂ ಹೌದು. ಮಧ್ಯದಲ್ಲಿ ದಲ್ಲಾಳಿಗಳು ಬೇರೆ. ಇಂಥ ಸಂಸ್ಥೆಯಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಊರಲ್ಲಿ ದುಡ್ಡು ಎತ್ತುತ್ತಾರೆ. ಫಲಿತಾಂಶ ಮುಚ್ಚಿಟ್ಟಷ್ಟೂ ಅವರ ವ್ಯಾಪಾರ ಜೋರು.

ಇನ್ನು ಅಪಾಯದ ವಿಷಯ. 2024ರ ಜುಲೈ ನೆನಪಿರಬಹುದು. ಬಾಂಗ್ಲಾದೇಶದಲ್ಲಿ ವಿದ್ಯಾರ್ಥಿಗಳ ಚಳವಳಿ, ಗೋಲಿಬಾರು, ಕರ್ಫ್ಯೂ. 18ರ ರಾತ್ರಿಯಿಂದ ದೇಶಕ್ಕೆ ದೇಶವೇ ಇಂಟರ್ನೆಟ್ ಇಲ್ಲ. ಬ್ಯಾಂಕುಗಳೂ ಕೆಲವು ದಿನ ಬಂದ್. ತಿಂಗಳ ಕೊನೆ ಹತ್ತಿರ, ನಮ್ಮ ಪೇರೋಲ್ ಕ್ಲೌಡ್‌ನಲ್ಲಿ, ಕ್ಲೌಡು ಆಕಾಶದಲ್ಲಿ. ಅಕೌಂಟ್ಸ್ ಭಾಯ್ ಹಿಂದಿನ ತಿಂಗಳ ಪ್ರಿಂಟು ಹುಡುಕಿ ತೆಗೆದರು. ಅದರ ಮೇಲೆ ಪೆನ್ನಿನಲ್ಲೇ ತಿದ್ದಿ ಬ್ಯಾಂಕಿಗೆ ಪಟ್ಟಿ ರೆಡಿ ಮಾಡಿದೆವು. ಸಂಬಳ ತಡವಾದರೆ ಹೊರದೇಶದವರಿಗೆ ಕಿರಿಕಿರಿ ಅಷ್ಟೇ. ಗಾರ್ಡಿಗೆ, ಆಯಾಗೆ, ಡ್ರೈವರಿಗೆ ಕರ್ಫ್ಯೂ ಸಡಿಲಿಸಿದ ಎರಡು ಗಂಟೆಯಲ್ಲಿ ಅಕ್ಕಿ ತರಬೇಕು.

ಆ ದಿನಗಳಲ್ಲೇ ಭದ್ರತಾ ಅಧಿಕಾರಿ ಇನ್ನೊಂದು ಪಟ್ಟಿ ಕೇಳಿದರು. ತುರ್ತು ಬಂದರೆ ದೇಶದ ಹೊರಗೆ ಕಳಿಸಬೇಕಾದವರ ಹೆಸರು, ಪಾಸ್‌ಪೋರ್ಟ್ ನಂಬರು, ರಕ್ತದ ಗುಂಪು. ಅದರಲ್ಲಿ ನಾನಿದ್ದೆ. ನಮ್ಮನ್ನು ಏರ್‌ಪೋರ್ಟಿಗೆ ಬಿಡಬೇಕಾದ ಡ್ರೈವರ್ ಭಾಯ್ ಹೆಸರು ಅದೇ ಹಾಳೆಯ ಕೆಳಗೆ ಇತ್ತು, ಗಾಡಿ ನಂಬರಿನ ಪಕ್ಕದಲ್ಲಿ. ಸ್ಥಳೀಯ ಸಿಬ್ಬಂದಿಗೆ ಏನು ಅಂದರೆ, ಮನೆಯಲ್ಲೇ ಇರಿ, ಬೇಕಿದ್ದರೆ ಸಂಬಳ ಮುಂಗಡ ಕೊಡುತ್ತೇವೆ. ಕೊನೆಗೆ ಹೊರಡುವ ಪ್ರಮೇಯ ಬರಲಿಲ್ಲ. ಹಾಳೆ ಮಾತ್ರ ಹಾಗೇ ಇತ್ತು. ಅವರಿಗೆ ಅದು ಸ್ವಂತ ದೇಶ, ಹೊರಗೆ ಕಳಿಸಲು ವೀಸಾ ಯಾರು ಕೊಡುತ್ತಾರೆ ಎಂಬ ವಾದ ನನಗೂ ಗೊತ್ತು. ಸರಿ, ಹೊರಗೆ ಬೇಡ. ಬೇರೆ ಜಿಲ್ಲೆಯಿಂದ ಬಂದವರನ್ನು ಅವರ ಊರಿಗೆ ಮುಟ್ಟಿಸಲು ಗಾಡಿ ಇಡಬಹುದು, ಅಲ್ವಾ? ಅದನ್ನು ಬರೆಯಲು ಆ ಫಾರಂನಲ್ಲಿ ಕಾಲಂ ಇರಲಿಲ್ಲ.

2024ರಲ್ಲಿ ಜಗತ್ತಿನಲ್ಲಿ 383 ನೆರವು ಕಾರ್ಯಕರ್ತರು ಸತ್ತರು ಅಂತ ವಿಶ್ವಸಂಸ್ಥೆ ಹೇಳಿದೆ. ಬಹುಪಾಲು ಜನ ಆಯಾ ದೇಶದವರೇ. ಎಚ್‌ಆರ್‌ನವರಿಗೆ ಟ್ರೈನಿಂಗ್‌ನಲ್ಲಿ ಹೇಳುವ ಒಂದು ಕೇಸ್ ಇದೆ. 2012ರಲ್ಲಿ ಕೀನ್ಯಾದ ದಾದಾಬ್ ಕ್ಯಾಂಪಿನಲ್ಲಿ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನ ಗಾಡಿಗಳ ಮೇಲೆ ದಾಳಿಯಾಗಿ ನಾಲ್ವರ ಅಪಹರಣವಾಯಿತು. ಅವರಲ್ಲಿ ಒಬ್ಬರಾದ ಕೆನಡಾದ ಸ್ಟೀವ್ ಡೆನಿಸ್ ಸಂಸ್ಥೆಯ ಮೇಲೆ ಕೇಸ್ ಹಾಕಿದರು. 2015ರಲ್ಲಿ ಓಸ್ಲೋ ಕೋರ್ಟು ಸಂಸ್ಥೆಯದು ಭಾರೀ ನಿರ್ಲಕ್ಷ್ಯ ಎಂದು ಹೇಳಿ ಪರಿಹಾರ ಕೊಡಿಸಿತು. ಒಳ್ಳೆಯ ತೀರ್ಪು, ಅದರಿಂದ ಹಲವು ಸಂಸ್ಥೆಗಳು ಎಚ್ಚೆತ್ತವು. ಆದರೆ ಆ ದಾಳಿಯಲ್ಲಿ ಸತ್ತದ್ದು ಒಬ್ಬ ಡ್ರೈವರ್, ಅಲ್ಲಿಯವನೇ. ಟ್ರೈನಿಂಗ್‌ನ ಸ್ಲೈಡಿನಲ್ಲಿ ಅವನಿಗೆ ಅರ್ಧ ಸಾಲು.

ಕಾಂಟ್ರ್ಯಾಕ್ಟ್ ಹೇಗೆ ಕತ್ತರಿಸುತ್ತದೆ ಅಂತಲೂ ಹೇಳಬೇಕು. ಫೀಲ್ಡ್ ಆಫೀಸಿನಲ್ಲಿ ಒಬ್ಬ ನರ್ಸ್‌ನ ಸಂಬಳ ಒಂದೇ ಕಡೆಯಿಂದ ಬರುವುದಿಲ್ಲ. ಶೇಕಡಾ 40 ಈ ಡೋನರ್, 35 ಆ ಡೋನರ್, ಉಳಿದದ್ದು ಇನ್ನೊಬ್ಬರು. ಯಾರ ಲೆಕ್ಕದಲ್ಲಿ ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ಪ್ರತಿ ತಿಂಗಳು ಟೈಮ್‌ಶೀಟು ತುಂಬಿ ಸಹಿ ಹಾಕಬೇಕು. ಗಾಯಕ್ಕೆ ಬ್ಯಾಂಡೇಜು ಕಟ್ಟುವಾಗ ಇದು ಯಾವ ಡೋನರ್‌ನ ಗಾಯ ಅಂತ ಯಾರು ನೋಡುತ್ತಾರೆ? ಆದರೂ ತುಂಬುತ್ತಾರೆ, ಆಡಿಟ್ ಇದೆ. ಒಂದು ಗ್ರ್ಯಾಂಟ್ ಮುಗಿದರೆ ಆ ನರ್ಸ್‌ನ ಶೇಕಡಾ 40 ಭಾಗ ಗಾಳಿಯಲ್ಲಿ ನಿಲ್ಲುತ್ತದೆ. ಆರು ತಿಂಗಳ ಕಾಂಟ್ರ್ಯಾಕ್ಟಿನಲ್ಲಿರುವ ಹೆಂಗಸು ಬಸುರಿಯಾದರೆ ಹೆರಿಗೆ ರಜೆಗಿಂತ ಮೊದಲು ಕಾಂಟ್ರ್ಯಾಕ್ಟೇ ಮುಗಿಯಬಹುದು. ಹೊಟ್ಟೆ ಕಾಣದ ಹಾಗೆ ದುಪಟ್ಟಾ ಹೊದ್ದು ನನ್ನ ಎದುರು ಕೂತು, "ಆಪಾ, ರಿನ್ಯೂ ಆಗುತ್ತಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿತು. ಕೆಲಸ ಕೂಡಲೇ ನಿಲ್ಲಿಸಿ ಎಂಬ ಆದೇಶ ಬಂತು. ಮಾರ್ಚ್ ಹೊತ್ತಿಗೆ ಅಲ್ಲಿನ ಸರ್ಕಾರದ ನೆರವು ಸಂಸ್ಥೆ ಯುಎಸ್ಏಡ್‌ನ ಶೇಕಡಾ 83 ಕಾರ್ಯಕ್ರಮ ರದ್ದು ಅಂತ ಘೋಷಣೆ ಆಯಿತು. ವಾಷಿಂಗ್ಟನ್‌ನಲ್ಲಿ ಅದು ರಾಜಕೀಯ. ನಮ್ಮಲ್ಲಿ ಅದು ಪ್ರಿಂಟರ್‌ನಿಂದ ಬರುವ ಪತ್ರಗಳು. ಮೊದಲು ಹೋದವರು ಸ್ಥಳೀಯರು. ಅದೇ ವರ್ಷದ ಜೂನ್‌ನಲ್ಲಿ ಕ್ಯಾಂಪಿನ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ಸಾವಿರಕ್ಕೂ ಹೆಚ್ಚು ಬಾಂಗ್ಲಾದೇಶಿ ಶಿಕ್ಷಕರ ಕೆಲಸ ಹೋಗಿ ಅವರು ಉಖಿಯಾದಲ್ಲಿ ರಸ್ತೆ ತಡೆದರು. ಇವರಲ್ಲಿ ಕಾಲೇಜು ಬಿಟ್ಟು ಎನ್‌ಜಿಒ ಸೇರಿದವರೂ ಇರುತ್ತಾರೆ. ಆ ವಯಸ್ಸಿನಲ್ಲಿ ಅಷ್ಟು ಟಾಕಾ ಕೈಗೆ ಬಂದರೆ ಯಾರು ಬಿಡುತ್ತಾರೆ ಹೇಳಿ.

ಇಲ್ಲಿ ಒಂದು ನಿಜವಾದ ತೊಡಕಿದೆ. ಸ್ಥಳೀಯರಿಗೆ ಜಾಸ್ತಿ ಸಂಬಳ ಕೊಟ್ಟರೆ ಊರಿನ ಸರ್ಕಾರಿ ಆಸ್ಪತ್ರೆಯ ನರ್ಸು, ಶಾಲೆಯ ಮೇಷ್ಟ್ರು, ಚಿಕ್ಕ ಊರಿನ ಸಂಸ್ಥೆಯ ಅಕೌಂಟೆಂಟು ಎಲ್ಲ ನಮ್ಮ ಕಡೆ ಬಂದುಬಿಡುತ್ತಾರೆ. ಬಂದದ್ದೂ ಹೌದು. ಹಾಗಂತ ಸಂಬಳ ಇಳಿಸುವುದು ದಾರಿಯಲ್ಲ. ಚಿಕ್ಕ ಸಂಸ್ಥೆಯಿಂದ ಜನರನ್ನು ಎಳೆದುಕೊಂಡರೆ ಅವರಿಗೆ ಪರಿಹಾರ ಕೊಡಬೇಕೆಂಬ ಮಾತು 2015ರ ಚಾರ್ಟರ್ ಫಾರ್ ಚೇಂಜ್ ಎಂಬ ನೆರವು ಸಂಸ್ಥೆಗಳ ಒಪ್ಪಂದದಲ್ಲೇ ಇದೆ, ಹಲವು ಸಂಸ್ಥೆಗಳು ಸಹಿಯನ್ನೂ ಹಾಕಿವೆ. 2016ರಲ್ಲಿ ಇಸ್ತಾಂಬುಲ್‌ನ ಸಮ್ಮೇಳನದಲ್ಲಿ ನೆರವಿನ ನಾಲ್ಕನೇ ಒಂದು ಭಾಗ ಹಣ ಸ್ಥಳೀಯ ಸಂಸ್ಥೆಗಳಿಗೆ ಹೋಗಬೇಕು ಅಂತಲೂ ಮಾತಾಗಿತ್ತು, 2020ರೊಳಗೆ. 2020 ಬಂದು ಹೋಯಿತು. ಹಣ ಅಲ್ಲಿಗೆ ಹೋದರೆ ಜನ ನಮ್ಮ ಕಡೆ ಓಡಿ ಬರಬೇಕಾಗಿಯೇ ಇರಲಿಲ್ಲ.

ನಮ್ಮ ಹುಡುಗರೂ ಈಗ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಪದವಿ ಮುಗಿಸಿ ಈ ಕಡೆ ಬರುತ್ತಿದ್ದಾರೆ, ಸಂತೋಷ. ಆಫರ್ ಲೆಟರ್ ಬಂದರೆ ನಿಮ್ಮ ಸಂಬಳ ಕೇಳಿ, ನಾಚಿಕೆ ಬೇಡ. ಅದರ ಜೊತೆಗೇ ಕೇಳಿ, ಡ್ರೈವರ್‌ಗೆ ಇನ್ಶೂರೆನ್ಸ್ ಎಷ್ಟಿದೆ, ಸ್ಥಳೀಯ ಸಿಬ್ಬಂದಿಗೆ ನೋಟಿಸ್ ಎಷ್ಟು ದಿನದ್ದು, ಹೆರಿಗೆ ರಜೆಯ ಮಧ್ಯೆ ಪ್ರಾಜೆಕ್ಟ್ ಮುಗಿದರೆ ಏನು, ವಾಲಂಟಿಯರ್ ಕೆಲಸದಲ್ಲಿ ಗಾಯಗೊಂಡರೆ ಆಸ್ಪತ್ರೆ ಬಿಲ್ಲು ಯಾರದು. ಉತ್ತರವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ. "ಇದು ನಿಮ್ಮ ಹುದ್ದೆಗೆ ಸಂಬಂಧಪಟ್ಟ ವಿಷಯ ಅಲ್ಲ" ಅಂತ ಬರೆದರೆ, ಸೇರುವ ಮೊದಲು ಇನ್ನೊಂದು ಸಲ ಯೋಚನೆ ಮಾಡಿ.