ಕಾವೇರಿ ಬರುತ್ತೆ ಸಾರ್

ಮನೆ ತಗೊಳ್ಳೋಣ ಅಂತ ತೀರ್ಮಾನ ಆದ ಮೊದಲ ಭಾನುವಾರ ನಾನು, ನನ್ನ ಹೆಂಡತಿ, ಅಮ್ಮ ಮೂರೂ ಜನ ಕಾಫಿ ಲೋಟ ಹಿಡ್ಕೊಂಡು ಕೂತು ಮಗಳ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಲಿಸ್ಟ್ ಮಾಡಿದ್ವಿ. ಎಡಗಡೆ 'ಬೇಕೇ ಬೇಕು', ಬಲಗಡೆ 'ಇಲ್ದಿದ್ರೂ ನಡೆಯುತ್ತೆ'. ಎಡಗಡೆದು ತುಂಬಿ ಮಾರ್ಜಿನ್‌ಗೂ ಹತ್ಕೊಳ್ತು. ಬಲಗಡೆ ಒಂದೇ ಐಟಂ, ಸ್ವಿಮ್ಮಿಂಗ್ ಪೂಲ್. ನಮ್ಮನೇಲಿ ಯಾರಿಗೂ ಈಜು ಬರಲ್ಲ.

ಬಜೆಟ್ ಎಷ್ಟು ಅಂದ್ರು ಬ್ರೋಕರ್. 75 ಲಕ್ಷ ಅಂದೆ. ಲಿಸ್ಟ್ ನೋಡಿ, 'ಸಾರ್, ಎಲ್ಲಾದ್ರೂ ಒಂದು ಕಡೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು' ಅಂದ್ರು. ಬಿಎಂಟಿಸಿ ಸೀಟಲ್ಲಿ ಮೂರನೆಯವರು ಬಂದು ಕೂರೋವಾಗ ಹೇಳೋ ಅದೇ ಮಾತು, ಅದೇ ರಾಗ.

ನಾವು ಬಾಡಿಗೆಗೆ ಇರೋದು ವಿಜಯನಗರದಲ್ಲಿ, ನನ್ನ ಆಫೀಸ್ ವೈಟ್‌ಫೀಲ್ಡಲ್ಲಿ. 2023ರ ಅಕ್ಟೋಬರಲ್ಲಿ ಪರ್ಪಲ್ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರು ಆದ್ಮೇಲೆ ನಾನು ಮನುಷ್ಯ ಆಗಿದೀನಿ, ಹಾಗಾಗಿ ಮೆಟ್ರೋ ನಡೆಯೋ ದೂರದಲ್ಲಿರಬೇಕು, ಇದೊಂದು ಬಿಟ್ಟು ಬೇರೆ ಏನಾದ್ರೂ ಬಿಡ್ತೀನಿ ಅಂತ ದೊಡ್ಡ ಮನಸ್ಸು ಮಾಡಿ ಹೇಳಿದೆ. ಆಮೇಲೆ ನಾನು ಏನೇನು ಬಿಟ್ಟೆ ನೋಡಿ. ಯುಟಿಲಿಟಿ ಸಣ್ಣದಿದ್ರೂ ಪರವಾಗಿಲ್ಲ. ಲಿಫ್ಟ್ ಇಲ್ದಿದ್ರೂ ಮೂರನೇ ಮಹಡಿ ತಾನೇ. ಬಾಗಿಲು ಯಾವ ದಿಕ್ಕಿಗಿದ್ರೇನು. ಯುಟಿಲಿಟಿಲಿ ನಿಲ್ಲೋದು ಹೆಂಡತಿ, ಮಂಡಿ ನೋವು ಅಮ್ಮಂದು, ವಾಸ್ತುನೂ ಅಮ್ಮಂದೇ. ನಾನು ಉದಾರವಾಗಿ ಬಿಟ್ಟಿದ್ದೆಲ್ಲ ಬೇರೆಯವರದು ಅಂತ ನಂಗೆ ಹೊಳೆದಿದ್ದು ಮೂರನೇ ಮನೆ ನೋಡೋವಾಗ, ಅದೂ ಹೆಂಡತಿ ಯುಟಿಲಿಟಿ ಬಾಗಿಲಲ್ಲಿ ಟೇಪ್ ಹಿಡ್ಕೊಂಡು ನಿಂತು, 'ವಾಷಿಂಗ್ ಮಷಿನ್ ಇಟ್ರೆ ನಾನು ಅಡುಗೆಮನೆಯಿಂದಾನೇ ಬಟ್ಟೆ ಎಸೀಬೇಕು' ಅಂದಾಗ. ಅವಳೂ ಕಮ್ಮಿ ಇಲ್ಲ. 'ಮೆಟ್ರೋ ಒಂದೂವರೆ ಕಿಲೋಮೀಟರ್ ಆದ್ರೆ ಏನಂತೆ, ನಡೀರಿ, ಹೊಟ್ಟೆನೂ ಕರಗುತ್ತೆ.'

ಆ ಟೇಪ್ ಬಗ್ಗೆ ಒಂದು ಮಾತು. ಮೊದಲ ಫ್ಲ್ಯಾಟ್ 1200 ಚದರಡಿ ಅಂದಿದ್ರು, ನಾವು ಗೋಡೆಯಿಂದ ಗೋಡೆಗೆ ಅಳೆದು ಕೂಡಿದ್ರೆ 900ನೂ ಮುಟ್ಟಲಿಲ್ಲ. ಮಿಕ್ಕಿದ್ದು ಎಲ್ಲಿ ಅಂದ್ರೆ ಮೆಟ್ಟಿಲು, ಲಿಫ್ಟು, ಕಾರಿಡಾರು, ನಿಮ್ಮ ಪಾಲು ಸಾರ್ ಅಂದ್ರು. ಕಾರ್ಪೆಟ್ ಏರಿಯಾ, ಅಂದ್ರೆ ಮನೆ ಒಳಗೆ ನಿಜವಾಗ್ಲೂ ಸಿಗೋ ಜಾಗದ ಲೆಕ್ಕದಲ್ಲೇ ಮಾರಬೇಕು ಅಂತ 2016ರ ರೇರಾ ಕಾನೂನು ಬಂದಿದೆ, ಆದ್ರೂ ಬಾಯಿಗೆ ಇನ್ನೂ ಬರೋದು ಸೂಪರ್ ಬಿಲ್ಟಪ್ಪೇ. ಖರ್ಚಿನ ಲೆಕ್ಕವೂ ಹಂಗೇ ಉಬ್ಬುತ್ತೆ, 2025ರ ಆಗಸ್ಟ್ ಕೊನೆಗೆ ರಿಜಿಸ್ಟ್ರೇಷನ್ ಫೀ 1 ಪರ್ಸೆಂಟಿಂದ 2 ಆಯ್ತು, ನನ್ನ 75 ಲಕ್ಷಕ್ಕೆ ಇನ್ನೊಂದು ಮುಕ್ಕಾಲು ಲಕ್ಷ, ಸ್ಟ್ಯಾಂಪ್ ಡ್ಯೂಟಿ ಬೇರೆ.

ಆದ್ರೆ ಇಷ್ಟೆಲ್ಲ ಸುತ್ತಾಡಿದ್ಮೇಲೆ ನಂಗೆ ನಿಜವಾಗ್ಲೂ ಭಯ ಹುಟ್ಟಿಸಿದ್ದು ಕನ್ನಡ ವ್ಯಾಕರಣ. 'ಇಲ್ಲಿ ಕಾವೇರಿ ಬರುತ್ತೆ ಸಾರ್' ಅಂತಾರೆ. ಇವತ್ತು ನಲ್ಲೀಲಿ ಬರೋದಕ್ಕೂ 'ಬರುತ್ತೆ', ದೇವರು ಕಣ್ಣು ಬಿಟ್ರೆ ಮುಂದೊಂದು ದಿನ ಬರೋದಕ್ಕೂ 'ಬರುತ್ತೆ'. ಬ್ರೋಕರ್ ಸುಳ್ಳು ಹೇಳಿದ್ರು ಅಂತ ಹೇಳೋ ಹಾಗೇ ಇಲ್ಲ. ಹೊರವಲಯದ ಒಂದು ಮನೆ ತುಂಬ ಚೆನ್ನಾಗಿತ್ತು, ರೇಟೂ ಕಮ್ಮಿ, ಆದ್ರೆ ಬಿ ಖಾತಾ, ಅಂದ್ರೆ ಕಾಗದಪತ್ರ ಪೂರ್ತಿ ಸರಿ ಇಲ್ಲದ ಆಸ್ತಿ. 'ಎ ಖಾತಾ ಆಗುತ್ತೆ ಸಾರ್.' ಅದೇ ವ್ಯಾಕರಣ! ಕಾಗದಪತ್ರದ ವಿಷಯದಲ್ಲಿ ಮಾತ್ರ ನಾವು ಮೂರು ಜನ ಒಂದೇ ಪಾರ್ಟಿ, ಆ ಮನೆ ಅಲ್ಲಿಗೇ ಬಿಟ್ವಿ.

ನೀರಿಗೆ ನಾನು ಕಂಡ್ಕೊಂಡ ಉಪಾಯ ಇಸ್ತ್ರಿಯವರು. ಮನೆ ನೋಡಿ ಹೊರಗೆ ಬಂದು ಬೀದಿ ಕೊನೇಲಿ ತಳ್ಳುಗಾಡಿ ಇಟ್ಕೊಂಡಿರೋ ಇಸ್ತ್ರಿಯವರ ಹತ್ರ ಒಂದೈದು ನಿಮಿಷ ನಿಂತ್ರೆ ಸಾಕು, ಯಾವ ಬಿಲ್ಡಿಂಗಿಗೆ ದಿನಕ್ಕೆ ಎಷ್ಟು ಟ್ಯಾಂಕರ್, 2024ರ ಬೇಸಿಗೇಲಿ ಯಾರ ಬೋರ್ ಒಣಗ್ತು, ಎಲ್ಲ ಅವರಿಗೆ ಗೊತ್ತು. ಕೆಂಗೇರಿ ಕಡೆ ಒಬ್ರು ಏನೂ ಮಾತಾಡದೆ ಗಾಡಿ ಚಕ್ರ ತೋರಿಸಿದ್ರು. ಅರ್ಧ ಚಕ್ರದವರೆಗೆ ಒಣಗಿದ ಕೆಸರಿನ ಗೆರೆ, ಗೆರೆ ಕೆಳಗೆಲ್ಲ ತುಕ್ಕು. 'ಮಳೆ ಬಂದ್ರೆ ಇಲ್ಲೀವರೆಗೆ' ಅಂದು ಮತ್ತೆ ಅಂಗಿ ಕಾಲರ್ ತಿದ್ದೋಕೆ ಶುರು ಮಾಡಿದ್ರು. ನಾವು ವಾಪಸ್ ಹೋಗಿ ಬಾಲ್ಕನಿ ನೋಡ್ಲೇ ಇಲ್ಲ.

ಹೋದ ಶನಿವಾರ ನೋಡಿದ್ದು ಎರಡನೇ ಮಹಡಿ, ಲಿಫ್ಟ್ ಇದೆ, ಎ ಖಾತಾ, ಹಳೇ ಕಟ್ಟಡ, ಬಾತ್‌ರೂಮ್ ಟೈಲ್ಸ್ ಬಣ್ಣ ಹೇಳೋಕೆ ಆಗಲ್ಲ. ಬಾಗಿಲು ದಕ್ಷಿಣಕ್ಕೆ. ಇದು ಅಮ್ಮನ ಹತ್ರ ಪಾಸಾಗಲ್ಲ ಅಂತ ನಾನು ಆಗ್ಲೇ ಚಪ್ಪಲಿ ಹಾಕ್ಕೊಳ್ತಿದ್ದೆ. ಅಮ್ಮ ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬೊಗಸೇಲಿ ನೀರು ಹಿಡಿದು ಒಂದು ಗುಟುಕು ಕುಡಿದು, 'ಕಾವೇರೀನೇ, ಬೇಳೆ ಬೇಯುತ್ತೆ' ಅಂದ್ಲು. ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಎಂಟು ವರ್ಷದಿಂದ ಕುಕ್ಕರ್ ಮುಂದೆ ಗೊಣಗಿದವಳು ಅವಳೇ. ಬ್ರೋಕರ್ ಹೆದರ್ಕೊಂಡು, 'ಬಾಗಿಲು ಮಾತ್ರ ದಕ್ಷಿಣ ಅಮ್ಮ' ಅಂದ್ರು. 'ಇರ್ಲಿ ಬಿಡಪ್ಪ, ಹೊಸ್ತಿಲಿಗೆ ಏನಾದ್ರೂ ಮಾಡಿಸೋಣ' ಅಂದ್ಲು.

ನಾನು ಫೋನಲ್ಲಿ ಮೆಟ್ರೋಗೆ ಎಷ್ಟು ದೂರ ಅಂತ ನೋಡ್ದೆ. 1.7 ಕಿಲೋಮೀಟರ್. ಯುಟಿಲಿಟಿ ಒಳಗಿಂದ ಟೇಪ್ ಸುತ್ತಿಕೊಳ್ಳೋ ಸದ್ದು ಬಂತು, ಹಿಂದೇನೇ ಹೆಂಡತಿ ದನಿ, 'ನಿಮಗೊಂದು ಒಳ್ಳೆ ಶೂ ತಗೊಳ್ಳೋಣ.'