ಅಪ್ಪನಾಗುವವನ ಮೂರು ತಿಂಗಳು

ನಮ್ಮ ಜಮಖಂಡಿ ಕಡೆ ಸೊಸೆ ಮನೆಗೆ ಬಂದು ಎರಡು ಹಬ್ಬ ಕಳೆದರೆ ಸಾಕು, ಅವಳ ಊಟ, ನಿದ್ದೆ, ನಡಿಗೆಯ ಮೇಲೆಲ್ಲ ಓಣಿಯ ಹೆಂಗಸರ ಕಣ್ಣು. ಪಪ್ಪಾಯಿ ತಿನ್ನಬೇಡ, ಭಾರ ಎತ್ತಬೇಡ, ರಕ್ತ ಕಡಿಮೆ ಇದೆ, ಗುಳಿಗೆ ನುಂಗು. ಔಷಧ ಅಂಗಡಿ ಇಟ್ಟುಕೊಂಡಿರುವ ನಾನು ದಿನವೂ ನೋಡುತ್ತೇನೆ: ಅತ್ತೆ ಸೊಸೆಗೆಂದು ಫೋಲಿಕ್ ಆಸಿಡ್ ಕೊಳ್ಳುತ್ತಿರುತ್ತಾರೆ, ಮಗ ಹೊರಗೆ ಬೈಕಿನ ಮೇಲೆ ಕುಳಿತು ಪಾನ್ ಮಸಾಲಾ ಮತ್ತು ತಂಬಾಕಿನ ಪೊಟ್ಟಣ ಹರಿದು ಬೆರೆಸುತ್ತಿರುತ್ತಾನೆ. ಅವನಿಗೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ.

ಹೆಣ್ಣಿನ ಅಂಡಾಣುಗಳು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡಿರುತ್ತವೆ. ಗಂಡಿನದು ಹಾಗಲ್ಲ. ಹರೆಯದಿಂದ ಮುಪ್ಪಿನವರೆಗೆ ವೀರ್ಯಾಣುಗಳು ದಿನವೂ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಬಲಿತು ಈಜುವಂತಾಗಲು ಮತ್ತೆ ಒಂದೆರಡು ವಾರ. ಅಂದರೆ ಇಂದು ಗರ್ಭ ನಿಂತರೆ, ಅದರ ಅರ್ಧ ಪಾಲು ತಯಾರಾಗತೊಡಗಿದ್ದು ಮೂರು ತಿಂಗಳ ಹಿಂದೆ. ಆಗ ಆತ ಏನು ಸೇದುತ್ತಿದ್ದ, ಎಷ್ಟು ಕುಡಿಯುತ್ತಿದ್ದ, ಯಾವ ಬಿಸಿಯಲ್ಲಿ ದುಡಿಯುತ್ತಿದ್ದ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ವೀರ್ಯಾಣು ತಯಾರಾಗುವ ವೃಷಣಗಳಲ್ಲಿ ಶಾಖ ದೇಹಕ್ಕಿಂತ ಎರಡು-ಮೂರು ಡಿಗ್ರಿ ಸೆಲ್ಸಿಯಸ್ ಕಡಿಮೆ ಇರಬೇಕು. ಸಕ್ಕರೆ ಕಾರ್ಖಾನೆಯ ಕುದಿಯುವ ಕಡಾಯಿಗಳ ಪಕ್ಕದಲ್ಲಿ ಪಾಳಿ ಮಾಡುವವನಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ?

ತಂಬಾಕಿನ ಹೊಗೆ ವೀರ್ಯಾಣುವಿನೊಳಗಿನ ಡಿಎನ್‌ಎಗೇ ಪೆಟ್ಟು ಕೊಡುತ್ತದೆ. ಗರ್ಭ ನಿಲ್ಲುವ ಮುನ್ನ ತಂದೆ ಸೇದುತ್ತಿದ್ದರೆ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಆಹಾರದ್ದೂ ಪಾತ್ರವಿದೆ. 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಗಂಡು ಇಲಿಗಳಿಗಷ್ಟೇ ಕೊಬ್ಬಿನ ಆಹಾರ ತಿನ್ನಿಸಿದರು, ತಾಯಿ ಇಲಿಗಳಿಗೆ ಮಾಮೂಲಿ ಆಹಾರ. ಆದರೂ ಹುಟ್ಟಿದ ಹೆಣ್ಣು ಮರಿಗಳಲ್ಲಿ ಇನ್ಸುಲಿನ್ ಸ್ರವಿಸುವ ಶಕ್ತಿ ಕುಗ್ಗಿತ್ತು. ವಂಶವಾಹಿಯ ಅಕ್ಷರಗಳು ಬದಲಾಗದಿದ್ದರೂ ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವ ರಾಸಾಯನಿಕ ಗುರುತುಗಳೂ ಸಣ್ಣ ಆರ್‌ಎನ್‌ಎ ತುಣುಕುಗಳೂ ವೀರ್ಯಾಣುವಿನ ಜೊತೆ ಸಾಗುತ್ತವೆ. ಇಲಿ ಇಲಿಯೇ, ಬನಹಟ್ಟಿಯ ನೇಕಾರನಲ್ಲ, ಒಪ್ಪುತ್ತೇನೆ. ಗುಟ್ಕಾ ತಿಂದವನ ಮಗುವಿಗೆ ರೋಗ ಬಂದೇ ಬರುತ್ತದೆ ಎಂದೂ ಯಾರೂ ಹೇಳುತ್ತಿಲ್ಲ. ಆದರೆ ಅದೇ ಅನುಮಾನದ ಲಾಭವನ್ನು ನಾವು ಸೊಸೆಗೆ ಎಂದಾದರೂ ಕೊಟ್ಟಿದ್ದೇವೆಯೇ?

ವಯಸ್ಸಿನ ಮಾತು ಸ್ವಲ್ಪ ಸೂಕ್ಷ್ಮ. ತಂದೆಯ ವಯಸ್ಸು ಒಂದು ವರ್ಷ ಏರಿದಂತೆ ಮಗುವಿನಲ್ಲಿ ಸರಾಸರಿ ಎರಡು ಹೊಸ ಆನುವಂಶಿಕ ಬದಲಾವಣೆಗಳು ಸೇರುತ್ತವೆ ಎಂದು ಐಸ್‌ಲ್ಯಾಂಡಿನ ಕುಟುಂಬಗಳನ್ನು ಪರಿಶೀಲಿಸಿದವರು 2012ರಲ್ಲಿ ಹೇಳಿದರು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಒಕ್ಕಲುತನ ಮಾಡುತ್ತಾನೆಂಬ ಒಂದೇ ಕಾರಣಕ್ಕೆ ಹೆಣ್ಣು ಸಿಗದೆ ನಲವತ್ತರ ಹತ್ತಿರ ಬಂದ ಹುಡುಗನನ್ನು ಇದಕ್ಕಾಗಿ ಚುಚ್ಚುವುದು ಬೇಡ.

ಆದರೆ ದ್ರಾಕ್ಷಿ ಬೆಳೆಯುವ ತಿಕೋಟಾ, ಬಬಲೇಶ್ವರದ ತಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯ ಕೆಲಸಗಾರರು ತಮಗೆ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆಗೆ ಹೋದರು. ಅವರು ತಯಾರಿಸುತ್ತಿದ್ದದ್ದು ಡಿಬಿಸಿಪಿ ಎಂಬ, ಮಣ್ಣಿನ ಜಂತುಹುಳು ಕೊಲ್ಲುವ ಔಷಧ. ಹಲವರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಇಂದು ನೀವು ಹೊಡೆಯುವ ಎಣ್ಣೆ ಅದಲ್ಲ, ಆದರೂ ಮುಖಗವಸಿಲ್ಲದೆ, ಬನಿಯನ್ ಮೇಲೆ, ಗಾಳಿಗೆ ಎದುರಾಗಿ ಸಿಂಪಡಿಸುವುದು ಯಾವ ಶೌರ್ಯ?

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಅದಕ್ಕೆ ಏನು ಮೇಯಿಸಿದ್ದೀರಿ ಎಂದು ಕೇಳುತ್ತಾನೆ. ಅದೇ ರೈತ ಮಗಳಿಗೆ ವರ ನೋಡುವಾಗ ಎಷ್ಟು ಎಕರೆ, ಯಾವ ನೌಕರಿ ಎಂಬಲ್ಲಿಗೆ ಮಾತು ಮುಗಿಸುತ್ತಾನೆ.

‘ನಮ್ಮ ಅಜ್ಜ ದಿನಾ ಬೀಡಿ ಸೇದಿ ಎಂಟು ಮಕ್ಕಳನ್ನು ಹುಟ್ಟಿಸಿದ’ ಎನ್ನುವವರು ನನ್ನ ಅಂಗಡಿಗೂ ಬರುತ್ತಾರೆ. ಎಂಟರಲ್ಲಿ ಉಳಿದವರು ಎಷ್ಟು ಎಂದು ನಿಮ್ಮ ಅಜ್ಜಿಯನ್ನು ಕೇಳಿ ಬನ್ನಿ ಎನ್ನುತ್ತೇನೆ.

ಗಂಡಸರಿಗೂ ಯಾವುದಾದರೂ ಗುಳಿಗೆ ಇದೆಯೇ ಎಂದು ಕೆಲವರು ದನಿ ತಗ್ಗಿಸಿ ಕೇಳುತ್ತಾರೆ. ಮಾರಿದರೆ ನನಗೇ ಲಾಭ. ಆದರೂ ಮೊದಲು ತಂಬಾಕು ಬಿಡಿ, ಸೆರೆ ಬಿಡಿ, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ನಮ್ಮಲ್ಲಿ ನಿಶ್ಚಯಕ್ಕೂ ಮದುವೆಗೂ ನಡುವೆ ಎಷ್ಟೋ ಸಲ ಮೂರು ತಿಂಗಳು ಇದ್ದೇ ಇರುತ್ತದೆ. ನಿಶ್ಚಯದ ದಿನ ಹುಡುಗಿಗೆ ಸೀರೆ ಉಡಿಸುವ ಹೊತ್ತಿಗೆ ಹುಡುಗನ ಜೇಬಿನಿಂದ ಆ ಪೊಟ್ಟಣಗಳನ್ನು ತೆಗೆಸಿಬಿಡಿ. ಬೀಗರ ಎದುರಿಗೇ ಆದರೆ ಇನ್ನೂ ಒಳ್ಳೆಯದು.